ಉಪ್ಪಿನ ಸರೋವರದ ಊರಿನಲ್ಲಿ ಬೆಳಕಿನ ಪಾಠ

ಅಮೆರಿಕದ ಯೂಟಾ ರಾಜ್ಯದ ರಾಜಧಾನಿ ಸಾಲ್ಟ್ ಲೇಕ್ ಸಿಟಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ವಾಸಾಚ್ ಪರ್ವತಶ್ರೇಣಿ. ವಾಯವ್ಯಕ್ಕೆ ಊರಿಗೆ ಹೆಸರು ಕೊಟ್ಟ ಉಪ್ಪಿನ ಸರೋವರ. ಅದರ ನೀರು ಸಮುದ್ರದ ನೀರಿಗಿಂತ ಉಪ್ಪು. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರೂ ಇದೇ.

ಸಂಜೆ ಸೂರ್ಯ ಸರೋವರದ ಕಡೆಗೆ ಇಳಿಯುತ್ತಿದ್ದಂತೆ ಬೆಟ್ಟಗಳ ಮುಖ ಕೆಂಪೇರುತ್ತದೆ, ಕಣಿವೆಗಳಲ್ಲಿ ನೆರಳು ತುಂಬುತ್ತದೆ. ಮಧ್ಯಾಹ್ನ ಬೋಳಾಗಿ ಕಂಡ ಬೆಟ್ಟ ಸಂಜೆಗೆ ಗಂಭೀರವಾಗುತ್ತದೆ. ಬೆಟ್ಟ ಅದೇ, ಬದಲಾದದ್ದು ಬೆಳಕು ಮಾತ್ರ. ಈ ಬೆಳಕಿನ ಆಟವನ್ನು ಗಣಕಯಂತ್ರಕ್ಕೆ ಕಲಿಸಿದ್ದು ಅದೇ ಬೆಟ್ಟದ ತಪ್ಪಲಿನಲ್ಲಿರುವ ಯೂಟಾ ವಿಶ್ವವಿದ್ಯಾಲಯ.

ಇದೇ ಊರಿನವರಾದ ಡೇವಿಡ್ ಇವಾನ್ಸ್ 1965ರಲ್ಲಿ ಇಲ್ಲಿಗೆ ಮರಳಿ ಬಂದು ಗಣಕವಿಜ್ಞಾನ ವಿಭಾಗವನ್ನು ಕಟ್ಟಿದರು. 1968ರಲ್ಲಿ ಐವಾನ್ ಸದರ್‌ಲ್ಯಾಂಡ್ ಬಂದು ಸೇರಿದರು. ಮೆರಿಲ್ ಎಂಜಿನಿಯರಿಂಗ್ ಕಟ್ಟಡದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳು ಎತ್ತಿಕೊಂಡ ಪ್ರಶ್ನೆ ಒಂದೇ: ಬರೀ ಗೆರೆಗಳನ್ನು ಎಳೆಯಬಲ್ಲ ಯಂತ್ರ ಒಂದು ಮುಖವನ್ನು ಮುಖದಂತೆಯೇ ತೋರಿಸುವುದು ಹೇಗೆ?

ಮೊದಲು ಬೇಕಾದದ್ದು ಅಳತೆ. ಸದರ್‌ಲ್ಯಾಂಡ್ ಅವರ ಪತ್ನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮೇಲೆ ವಿದ್ಯಾರ್ಥಿಗಳು ಬಿಂದುಗಳನ್ನು ಗುರುತಿಸಿ ಅಳೆದರು. 1972ರಲ್ಲಿ ಎಡ್ ಕ್ಯಾಟ್ಮುಲ್ ತಮ್ಮದೇ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ಪುಟ್ಟ ಬಹುಭುಜಾಕೃತಿಗಳನ್ನು ಬರೆದು, ಆ ಕೈ ಪರದೆಯ ಮೇಲೆ ಮಡಚಿ ಬಿಚ್ಚುವಂತೆ ಮಾಡಿದರು. ಫ್ರಾನ್ಸಿನಿಂದ ಬಂದಿದ್ದ ಆಂರಿ ಗೂರೋ ಅವರಿಗೆ ಮಾದರಿಯಾದದ್ದು ಪತ್ನಿ ಸಿಲ್ವಿಯವರ ಮುಖ.

ಎರಡನೆಯದು ಬೆಳಕು. ಇಲ್ಲಿ ನೆರವಿಗೆ ಬಂದದ್ದು 1760ರಲ್ಲಿ ಲ್ಯಾಂಬರ್ಟ್ ಪ್ರಕಟಿಸಿದ ಕೊಸೈನ್ ನಿಯಮ. ದೀಪ ನೇರವಾಗಿ ಬಿದ್ದ ಮೇಲ್ಮೈಗೆ ಪೂರ್ತಿ ಬೆಳಕು. ಮೇಲ್ಮೈಯ ಲಂಬರೇಖೆಗೂ ಬೆಳಕಿಗೂ 60 ಡಿಗ್ರಿ ಕೋನವಿದ್ದರೆ ಅರ್ಧ. ಏಕೆಂದರೆ 60 ಡಿಗ್ರಿಯ ಕೊಸೈನ್ ಅರ್ಧ. ಆದರೆ ಪ್ರತಿ ತುಂಡಿಗೂ ಒಂದೊಂದೇ ಛಾಯೆ ಕೊಟ್ಟರೆ ಮುಖ ಕೊಚ್ಚಿದ ಕಲ್ಲಿನಂತೆ ಕಾಣುತ್ತದೆ. 1971ರಲ್ಲಿ ಗೂರೋ ಮೂಲೆಗಳ ಛಾಯೆಯನ್ನು ಮಾತ್ರ ಲೆಕ್ಕಹಾಕಿ, ನಡುವಿನ ಜಾಗದಲ್ಲಿ ಅದನ್ನು ಹಂತಹಂತವಾಗಿ ಬೆರೆಸಿದರು. ಕೆನ್ನೆ ನುಣುಪಾಯಿತು.

ಆದರೂ ಒಂದು ಕೊರತೆ ಉಳಿಯಿತು. ಮಣ್ಣಿನ ಮಡಕೆಯ ಮೇಲೆ ಬೆಳಕು ಚದುರಿಹೋಗುತ್ತದೆ. ಸ್ಟೀಲ್ ಚೊಂಬಿನ ಮೇಲೆ ಒಂದೆಡೆ ಮಿಂಚುತ್ತದೆ. ಆ ಮಿಂಚು ಗೂರೋ ವಿಧಾನದಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಅದನ್ನು ಹಿಡಿದವರು ಹನೋಯಿಯಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಓದಿ ಇಲ್ಲಿಗೆ ಬಂದ ವಿಯೆಟ್ನಾಮಿನ ಬುಯಿ ತುವೊಂಗ್ ಫೋಂಗ್. ಮೂಲೆಗಳ ಛಾಯೆಗೆ ಬದಲು ಲಂಬರೇಖೆಯ ದಿಕ್ಕನ್ನೇ ಹಂತಹಂತವಾಗಿ ಬೆರೆಸಿ, ಪ್ರತಿ ಬಿಂದುವಿನಲ್ಲೂ ಬೆಳಕನ್ನು ಹೊಸದಾಗಿ ಲೆಕ್ಕಹಾಕಿದರು. ಸುತ್ತಣ ಮಂದ ಬೆಳಕು, ಚದುರಿದ ಬೆಳಕು, ಹೊಳಪು – ಈ ಮೂರರ ಮೊತ್ತವೇ ಅವರ ಸೂತ್ರ.

ತಮಗೆ ರಕ್ತದ ಕ್ಯಾನ್ಸರ್ ಇದೆಯೆಂದು ವಿದ್ಯಾರ್ಥಿಯಾಗಿದ್ದಾಗಲೇ ಫೋಂಗ್ ಅವರಿಗೆ ಗೊತ್ತಿತ್ತು. ಆದರೂ 1973ರಲ್ಲಿ ಪಿಎಚ್.ಡಿ. ಮುಗಿಸಿದರು, ಸ್ಟ್ಯಾನ್‌ಫರ್ಡ್‌ನಲ್ಲಿ ಅಧ್ಯಾಪಕರಾದರು. 1975ರಲ್ಲಿ, 32ರ ಹರೆಯದಲ್ಲೇ ತೀರಿಕೊಂಡರು. ಪರದೆಯ ಮೇಲಿನ ಪಾತ್ರದ ಕಣ್ಣಲ್ಲಿ ಜೀವ ತರುವುದು ಒಂದು ಪುಟ್ಟ ಬಿಳಿ ಚುಕ್ಕೆ. ಆ ಚುಕ್ಕೆಯನ್ನು ಲೆಕ್ಕಹಾಕಲು ಅವರು ಕೊಟ್ಟ ದಾರಿಯನ್ನು ಗಣಕಚಿತ್ರದ ತರಗತಿಗಳಲ್ಲಿ ಇಂದಿಗೂ ಕಲಿಸುತ್ತಾರೆ.

ಊರಿನ ಅಂಗಡಿಯಿಂದ ಮಾರ್ಟಿನ್ ನ್ಯೂವೆಲ್ ಮನೆಗೆ ಬಂದ ಚಹದ ಪಾತ್ರೆ 1975ರಲ್ಲಿ ಲೆಕ್ಕದ ಮಾದರಿಯಾಗಿ ‘ಯೂಟಾ ಟೀಪಾಟ್’ ಎಂದು ಹೆಸರಾಯಿತು. ಮೂಲ ಪಾತ್ರೆ ಕ್ಯಾಲಿಫೋರ್ನಿಯದ ಗಣಕ ಇತಿಹಾಸ ಸಂಗ್ರಹಾಲಯದಲ್ಲಿದೆ. ಕ್ಯಾಟ್ಮುಲ್ ಮುಂದೆ ಪಿಕ್ಸಾರ್ ಸಂಸ್ಥಾಪಕರಲ್ಲಿ ಒಬ್ಬರಾದರು. 1995ರಲ್ಲಿ ಬಂದ ‘ಟಾಯ್ ಸ್ಟೋರಿ’ಯಲ್ಲಿ ಆ ಟೀಪಾಟ್ ಕೂಡ ಇಣುಕುತ್ತದೆ.

ಇಂದು ಗಣಕದಲ್ಲಿ ಪಾತ್ರವೊಂದನ್ನು ರೂಪಿಸುವವರು ಕೊನೆಗೆ ದೀಪ ಎಲ್ಲಿಡಬೇಕೆಂದು ತಲೆಕೆಡಿಸಿಕೊಳ್ಳುತ್ತಾರೆ. ಕೆಳಗಿನಿಂದ ಬಂದ ಬೆಳಕಿಗೆ ಅದೇ ಮುಖ ಭಯ ಹುಟ್ಟಿಸುತ್ತದೆ. ಪಕ್ಕದ ಕಿಟಕಿಯ ಬೆಳಕಿಗೆ ಸೌಮ್ಯವಾಗುತ್ತದೆ. ಭಾವ ಕಲಾವಿದರದು, ಲೆಕ್ಕ ಯಂತ್ರದ್ದು. ಸೈನ್, ಕೊಸೈನ್ ಕಲಿತು ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೂ, ಚಿತ್ರ ಬರೆಯುತ್ತ ಕೂತರೆ ಹೊಟ್ಟೆ ತುಂಬೀತೇ ಎನ್ನುವ ಹೆತ್ತವರಿಗೂ ಈ ಊರಿನಲ್ಲಿ ಉತ್ತರವಿದೆ. ಇಲ್ಲಿ ಗಣಿತ ಮತ್ತು ಚಿತ್ರ ಒಂದೇ ಮೇಜಿನ ಮುಂದೆ ಕೂತಿದ್ದವು.