ಕೂಗಳತೆ ಮೀರಿದ ಕೂಗು

ಮಲೆನಾಡಿನಲ್ಲಿ ದೂರ ಹೇಳಲು ಹಿಂದೆ ಮೈಲಿ, ಫರ್ಲಾಂಗುಗಳ ಗೊಡವೆಯೇ ಇರಲಿಲ್ಲ. 'ಇಲ್ಲೇ ಒಂದು ಕೂಗಳತೆ' ಎಂದರೆ ಮುಗಿಯಿತು. ಗುಡ್ಡದ ಓರೆಗೊಂದು, ತೋಟದ ತಲೆಗೊಂದು ಮನೆಯಿರುವ ನಾಡಿನಲ್ಲಿ ನೆರೆಮನೆ ಎಂದರೆ ಗೋಡೆಗೆ ಗೋಡೆ ತಾಗಿದ ಮನೆಯಲ್ಲ. ಅಂಗಳದ ತುದಿಯಲ್ಲಿ ನಿಂತು 'ಕೂ' ಎಂದರೆ ಓಗೊಡುವಷ್ಟು ಹತ್ತಿರದ ಮನೆ. ದನ ಕೊಟ್ಟಿಗೆಗೆ ಬಾರದಿದ್ದರೆ, ತೋಟಕ್ಕೆ ಕಾಡುಹಂದಿ ನುಗ್ಗಿದರೆ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆ ಕೂಗೇ ತಂತಿ, ಅದೇ ಟೆಲಿಫೋನು.

ಹೈಸ್ಕೂಲಿನ ಮಕ್ಕಳಿಗೆ ಗೊತ್ತಿರುವಂತೆ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಡೆತಡೆಯಿಲ್ಲದ ಬಯಲಿನಲ್ಲಿ ದೂರ ಎರಡರಷ್ಟಾದರೆ ಅದರ ತೀವ್ರತೆ ನಾಲ್ಕನೇ ಒಂದು ಭಾಗಕ್ಕೂ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗಕ್ಕೂ ಇಳಿಯುತ್ತದೆ. ಮಲೆನಾಡಿನ ಮರಗಿಡಗಳು ಅದನ್ನು ಇನ್ನಷ್ಟು ಹೀರಿಬಿಡುತ್ತವೆ. ನೆರೆಹೊರೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಒಂದು ಕಾಲಕ್ಕೆ ನಿರ್ಧರಿಸಿದ್ದು ಈ ನಿಯಮವೇ ಎಂದರೂ ತಪ್ಪಲ್ಲ. ಒಳ್ಳೆಯ ಸುದ್ದಿಯೂ ಚಾಡಿಮಾತೂ ಒಂದಿಷ್ಟು ದೂರ ಹೋಗಿ ತಾವಾಗಿಯೇ ಕ್ಷೀಣಿಸುತ್ತಿದ್ದವು.

ಆ ಕೂಗು ಈಗ ಜೇಬಿಗೆ ಬಂದಿದೆ. ರಿಪ್ಪನ್‌ಪೇಟೆಯಂಥ ಊರಿನಲ್ಲಿ ಒಬ್ಬರ ಮೊಬೈಲನ್ನು ತೆರೆದು ನೋಡಿದರೆ ಎಷ್ಟು ವಾಟ್ಸಾಪ್ ಗುಂಪುಗಳು! ಕೇರಿಯದೊಂದು, ಗಣಪತಿ ಸಮಿತಿಯದೊಂದು, ಅಡಿಕೆ ಬೆಳೆಗಾರರದೊಂದು, ಮಗಳ ತರಗತಿಯ ಪಾಲಕರದೊಂದು, ಜೊತೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದವರದೊಂದು. ಪೇಟೆಯಲ್ಲಿ ಸಾಗರ, ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗಗಳ ದಾರಿಗಳು ಕೂಡುವಂತೆ ಒಂದು ಫೋನಿನಲ್ಲಿ ಇಷ್ಟೆಲ್ಲ ಜಗಲಿಗಳು ಕೂಡುತ್ತವೆ.

ಅಂದಹಾಗೆ, ಈ ಊರಿನ ಹೆಸರಿನಲ್ಲಿರುವವನು 1880ರಿಂದ 1884ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ ಎನ್ನುತ್ತಾರೆ. ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಲು 1878ರಲ್ಲಿ ಬಂದಿದ್ದ ಕಾಯಿದೆಯನ್ನು 1882ರಲ್ಲಿ ತೆಗೆದುಹಾಕಿದ್ದು ಅವನ ಆಡಳಿತವೇ. ಊರಿನ ಕೆಲಸವನ್ನು ಊರಿನವರೇ ನೋಡಿಕೊಳ್ಳಲಿ ಎಂದು ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ್ದೂ ಅದೇ ವರ್ಷ. ಊರಿನವರು ತಮ್ಮ ಮಾತು ತಾವೇ ಆಡಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು ಎಂಥ ಲಾಭದ್ದು, ಎಂಥ ಅಪಾಯದ್ದು ಎಂಬ ಪ್ರಶ್ನೆ ಹೀಗೆ ಹೊಸತೇನಲ್ಲ.

ಲಾಭದ ಮಾತು ಮೊದಲು. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿದಿದ್ದರೆ 'ಆ ದಾರಿಯಲ್ಲಿ ಮಕ್ಕಳನ್ನು ಕಳಿಸಬೇಡಿ' ಎಂಬ ಒಂದು ಸಾಲು ಜೀವ ಉಳಿಸುತ್ತದೆ. ಬೆಳಗಿನ ಬಸ್ಸು ಕೆಟ್ಟು ನಿಂತಿದ್ದರೆ ಕೆಂಚನಾಲದ ಹುಡುಗ ಬೇರೆ ದಾರಿ ನೋಡಿಕೊಳ್ಳುತ್ತಾನೆ. ಶಿವಮೊಗ್ಗದ ಆಸ್ಪತ್ರೆಯಲ್ಲಿರುವವರಿಗೆ ರಕ್ತ ಬೇಕೆಂದರೆ ಅರ್ಧ ಗಂಟೆಯಲ್ಲಿ ಮೂವರು ಹೊರಡುತ್ತಾರೆ. ಸಾವಿನ ಸುದ್ದಿ ಮುಟ್ಟಿಸಲು ಹಿಂದೆ ಸೈಕಲ್ ಹತ್ತಿ ಒಬ್ಬ ಊರೂರು ಸುತ್ತಬೇಕಿತ್ತು. ಅಡಿಕೆಯ ದರ ದಲ್ಲಾಳಿ ಹೇಳಿದ್ದೇ ದರವಾಗಿತ್ತು. ಈಗ ಶಿವಮೊಗ್ಗ, ಸಾಗರದ ಮಾರುಕಟ್ಟೆಯ ಧಾರಣೆ ಸಂಜೆಯೊಳಗೆ ಎಲ್ಲರ ಕೈಯಲ್ಲಿ.

ಕೊರೊನಾ ಕಾಲದಲ್ಲಿ ಶಾಲೆಯ ಬಾಗಿಲು ಮುಚ್ಚಿದಾಗ ಪಾಠ ಬಂದದ್ದೂ ಈ ಗುಂಪುಗಳಲ್ಲಿಯೇ. ಆದರೆ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್! 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡು ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ' ಎಂಬ ಚಳವಳಿಯೇ ಎದ್ದಿತು.

ಈ ಗುಂಪುಗಳು ಜನರನ್ನು ಮನೆಯೊಳಗೆ ಕೂಡಿಹಾಕುತ್ತವೆ, ಎದುರುಮನೆಯವರ ಮುಖವೂ ಮರೆತುಹೋಗುತ್ತದೆ ಎಂಬ ಆಕ್ಷೇಪ ಸಾಮಾನ್ಯ. ಅದು ಅಷ್ಟು ಸರಿಯಲ್ಲ. 1990ರ ದಶಕದ ಕೊನೆಯಲ್ಲಿ ಕೀತ್ ಹ್ಯಾಂಪ್ಟನ್ ಮತ್ತು ಬ್ಯಾರಿ ವೆಲ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಕೆನಡಾದ ಟೊರೊಂಟೊ ಹೊರವಲಯದ ಒಂದು ಹೊಸ ಬಡಾವಣೆಯನ್ನು ಅಭ್ಯಾಸ ಮಾಡಿದರು. ನೆಟ್‌ವಿಲ್ ಎಂಬುದು ಅವರು ಅದಕ್ಕೆ ಇಟ್ಟ ಹೆಸರು. ಅಲ್ಲಿನ ಕೆಲವು ಮನೆಗಳಿಗೆ ವೇಗದ ಇಂಟರ್‌ನೆಟ್ ಸಿಕ್ಕಿತ್ತು, ಉಳಿದವಕ್ಕೆ ಇರಲಿಲ್ಲ. ಸಂಪರ್ಕ ಪಡೆದ ಮನೆಯವರು ಉಳಿದವರಿಗಿಂತ ಸುಮಾರು ಮೂರರಷ್ಟು ನೆರೆಯವರನ್ನು ಹೆಸರಿನಿಂದ ಗುರುತಿಸುತ್ತಿದ್ದರು. ಮನೆ ಕಟ್ಟಿಕೊಟ್ಟ ಕಂಪನಿಯ ಮೇಲೆ ದೂರು ಹೇಳಲು ಬೇಗನೆ ಒಟ್ಟಾಗಿದ್ದೂ ಅವರೇ. ತಂತಿಯ ಮಾತು ಬೀದಿಯ ಮಾತನ್ನು ಕೊಲ್ಲಲಿಲ್ಲ, ಬೆಳೆಸಿತು. ಆದರೆ ಒಂದನ್ನು ಮರೆಯಬಾರದು: ಅವರೆಲ್ಲ ಒಂದೇ ಬಡಾವಣೆಯವರು, ಮರುದಿನ ಮುಖಾಮುಖಿ ಆಗಲೇಬೇಕಾದವರು. ಅವರ ಮಾತು ಬಡಾವಣೆಯ ಒಳಗೇ ಸುತ್ತುತ್ತಿತ್ತು.

ಬೀದರ್ ಜಿಲ್ಲೆಯಲ್ಲಿ ಹಾಗಾಗಲಿಲ್ಲ. 2018ರ ಬೇಸಿಗೆಯಿಂದ ಮಕ್ಕಳ ಕಳ್ಳರು ಬಂದಿದ್ದಾರೆಂಬ ಪುಕಾರು ದೇಶದ ಹಲವೆಡೆ ಹಬ್ಬಿತ್ತು. ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ನಿಜವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಮೂಡಿಸಲು ನಟಿಸಿ ತೆಗೆದ ಚಿತ್ರ. ಅದರಲ್ಲಿ ಮಗುವನ್ನು ಹಿಂದಕ್ಕೆ ಬಿಟ್ಟು, ನೋಡುವವರಿಗೆ ಎಚ್ಚರಿಕೆ ಹೇಳುವ ಕೊನೆಯ ಭಾಗವೊಂದಿತ್ತು. ಯಾರೋ ಅಷ್ಟನ್ನು ಕತ್ತರಿಸಿ ಬಿಟ್ಟಿದ್ದರು!

ಆ ವರ್ಷದ ಜುಲೈ 13ರಂದು ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ತಂಡ ಔರಾದ್ ಕಡೆಯ ಒಂದು ಹಳ್ಳಿಯ ಬಳಿ ನಿಂತಿತು. ಅಲ್ಲಿದ್ದ ಮಕ್ಕಳಿಗೆ ಅವರು ಚಾಕೊಲೇಟ್ ಕೊಟ್ಟರು. ಹಳ್ಳಿಯವರಿಗೆ ಸಂಶಯ ಬಂದು ಮಾತಿಗೆ ಮಾತು ಬೆಳೆಯಿತು. ಹೆದರಿದ ಗೆಳೆಯರು ಕಾರು ಓಡಿಸಿದರು. ಅಷ್ಟರಲ್ಲಿ ಅಲ್ಲಿ ತೆಗೆದ ವಿಡಿಯೊ ಸ್ಥಳೀಯ ವಾಟ್ಸಾಪ್ ಗುಂಪಿಗೆ ಹೋಗಿ, ಅಲ್ಲಿಂದ ಮುಂದಿನ ಊರಾದ ಮುರ್ಕಿಯನ್ನೂ ಮುಟ್ಟಿತ್ತು. ಕಾರು ಮುರ್ಕಿಗೆ ಬಂದಾಗ ದಾರಿಗೆ ಅಡ್ಡಗಟ್ಟಿ ಜನ ಕಾದು ನಿಂತಿದ್ದರು. ಒಬ್ಬ ಯುವ ಎಂಜಿನಿಯರ್ ಪೆಟ್ಟು ತಿಂದು ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಬಂಧಿತರಲ್ಲಿ ಗುಂಪಿನ ನಿರ್ವಾಹಕನೂ ಇದ್ದ.

ಕಾರಿನ ವೇಗಕ್ಕಿಂತ ಸುದ್ದಿಯ ವೇಗ ಹೆಚ್ಚಾಗಿತ್ತು ಎಂಬುದಷ್ಟೇ ಇಲ್ಲಿನ ಕಥೆಯಲ್ಲ. ಮೊದಲ ಹಳ್ಳಿಯವರು ಆ ಗೆಳೆಯರ ಮುಖ ನೋಡಿದ್ದರು, ಮಾತು ಕೇಳಿದ್ದರು. ಅವರಿಗಿದ್ದದ್ದು ಸಂಶಯ ಮಾತ್ರ. ಮುರ್ಕಿಯವರು ನೋಡಿದ್ದು ಫೋನನ್ನು ಮಾತ್ರ. ಅವರ ಪಾಲಿಗೆ ಅದು ಖಾತ್ರಿಯಾಗಿತ್ತು. ಬಾಯಿಂದ ಬಾಯಿಗೆ ಹೋಗುವ ಮಾತು ದೂರ ಹೋದಂತೆಲ್ಲ 'ಅಂತೆ' ಆಗುತ್ತದೆ; 'ಹೌದಂತೆ, ಯಾರೋ ಹೇಳಿದರು' ಎಂದು ತನ್ನ ಬಲವನ್ನು ತಾನೇ ಕಳೆದುಕೊಳ್ಳುತ್ತದೆ. ಮುಂದೂಡಿದ ವಿಡಿಯೊ ಹಾಗಲ್ಲ. ನೂರನೆಯ ಪ್ರತಿಯೂ ಮೊದಲನೆಯದರಷ್ಟೇ ಸ್ಪಷ್ಟ. ಅದಕ್ಕೆ ದೂರದ ವರ್ಗದ ನಿಯಮ ತಾಗುವುದೇ ಇಲ್ಲ.

ಈ ಕೊಲೆಗಳ ನಂತರ 2018ರಲ್ಲಿಯೇ ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೂಡದಂತೆ ಕಟ್ಟು ಹಾಕಿದರು. ಐದು ಎಂದರೆ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಲೆಕ್ಕ ಮಾಡಲಿ. ಒಬ್ಬ ಐವರಿಗೆ, ಆ ಐವರಲ್ಲಿ ಪ್ರತಿಯೊಬ್ಬರೂ ಬೇರೆ ಐವರಿಗೆ ಎಂದರೆ 5, 25, 125, 625... ಒಂಬತ್ತನೇ ಹೆಜ್ಜೆಗೆ 19,53,125. ಇಡೀ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆಯೇ 2011ರ ಗಣತಿಯಲ್ಲಿ 17,52,753! ಕಳಿಸಿದವರಿಗೇ ಮತ್ತೆ ಮತ್ತೆ ಹೋಗುವುದರಿಂದ ಲೆಕ್ಕ ಇಷ್ಟು ಸಲೀಸಲ್ಲ, ನಿಜ. ಆದರೆ ಆ ಐದರಲ್ಲಿ ಒಂದೊಂದೂ ನೂರಾರು ಜನರ ಗುಂಪಾಗಿರಬಹುದು ಎಂಬುದೂ ಅಷ್ಟೇ ನಿಜ. 2020ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂದು ಕಟ್ಟನ್ನು ಇನ್ನೂ ಬಿಗಿ ಮಾಡಿದರು. ಅಂಥ ಸಂದೇಶಗಳ ಓಡಾಟ ಶೇಕಡ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಎಲ್ಲರ ಮನಸ್ಸು ಒಳ್ಳೆಯದಾಗಲಿ ಎಂದು ಕಾಯುವುದಕ್ಕಿಂತ ಒಂದು ಗುಂಡಿಯನ್ನು ಕಷ್ಟ ಮಾಡಿದ್ದು ಹೆಚ್ಚು ಕೆಲಸ ಮಾಡಿತು!

ನಾಲ್ಕು ದಾರಿ ಕೂಡುವ ಪೇಟೆಗೆ ಹೊಸ ಮುಖಗಳು ದಿನವೂ ಬರುತ್ತವೆ. ಬೆಡ್‌ಶೀಟ್ ಮಾರುವವನು, ಅಡಿಕೆ ಸುಲಿಯುವ ಕೆಲಸಕ್ಕೆಂದು ಬಂದವನು, ಹುಂಚಕ್ಕೆ ಹೊರಟ ಯಾತ್ರಿಕರು, ದಾರಿ ತಪ್ಪಿ ಕೇರಿಗೆ ಬಂದ ಲಾರಿಯವನು. ಅಂಥವನೊಬ್ಬನ ಫೋಟೊ ಹಿಡಿದು 'ಈತ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾನೆ, ಎಲ್ಲರಿಗೂ ತಿಳಿಸಿ' ಎಂದು ಬರೆಯಲು ಹತ್ತು ಸೆಕೆಂಡು ಸಾಕು. ಅಮೆರಿಕದಲ್ಲಿ ನೆರೆಹೊರೆಯವರಿಗೆಂದೇ 2011ರಲ್ಲಿ ಶುರುವಾದ ನೆಕ್ಸ್ಟ್‌ಡೋರ್ ಎಂಬ ಜಾಲದಲ್ಲಿಯೂ ಇದೇ ಗೋಳಾಯಿತು. ಬೀದಿಯಲ್ಲಿ ಕಪ್ಪು ಜನ ನಡೆದುಹೋದದ್ದೇ 'ಅನುಮಾನ' ಆಗತೊಡಗಿತು. ಟೀಕೆ ಹೆಚ್ಚಿದ ಮೇಲೆ 2016ರಲ್ಲಿ ಅವರು ಬರೆಯುವ ನಮೂನೆಯನ್ನೇ ಬದಲಿಸಿದರು. ಮೈಬಣ್ಣ ಬರೆದರೆ ಸಾಲದು, ಆತ ತೊಟ್ಟ ಬಟ್ಟೆ ಯಾವುದು, ನಿಜವಾಗಿ ಮಾಡಿದ್ದೇನು ಎಂಬುದನ್ನೂ ಬರೆಯಬೇಕು. ಬೆಡ್‌ಶೀಟ್ ಮಾರುವವನ ಬಗ್ಗೆಯೂ ಇದನ್ನು ಕೇಳಬಹುದು: ಆತ ಮಾಡಿದ್ದೇನು? 'ಗೇಟಿನ ಹೊರಗೆ ನಿಂತು ಕೂಗಿದ' ಎಂಬುದಷ್ಟೇ ಉತ್ತರವಾದರೆ ಫೋಟೊ ಹಾಕುವ ಕೆಲಸವೇ ಇಲ್ಲ. ನಿಜವಾದ ಅನುಮಾನವಿದ್ದರೆ 112ಕ್ಕೆ ಕರೆ ಮಾಡುವುದುಂಟಲ್ಲ.

ಪಾಲಕರ ಗುಂಪುಗಳದು ಬೇರೆಯೇ ರಗಳೆ. ನಾಳೆ ಶಾಲೆಗೆ ರಜೆ ಎಂಬ ಸುದ್ದಿಗೆ ನಲವತ್ತು ಹೆಬ್ಬೆರಳುಗಳು, ಮೂವತ್ತು ನಮಸ್ಕಾರಗಳು. ಅವುಗಳ ನಡುವೆ ಮೂಲ ಸುದ್ದಿ ಹೂತುಹೋಗುತ್ತದೆ. ನಿರ್ವಾಹಕರಷ್ಟೇ ಬರೆಯುವಂತೆ ಮಾಡುವ ಸೌಲಭ್ಯ 2018ರಿಂದಲೇ ಇದೆ, ಬಳಸುವವರು ಕಡಿಮೆ. ಅದು ಹಾಗಿರಲಿ. ಕೆಲವೆಡೆ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಇಡಿಯಾಗಿ ಗುಂಪಿಗೆ ಹಾಕುವುದುಂಟು. 25ಕ್ಕೆ 6 ಅಂಕ ತೆಗೆದ ಹುಡುಗನ ಗುಟ್ಟು ಹಿಂದೆ ಅವನ ಅಪ್ಪನ ಸಹಿಯವರೆಗೆ ಮಾತ್ರ ಹೋಗುತ್ತಿತ್ತು. ಈಗ ಅವನು ಮನೆ ಮುಟ್ಟುವುದರೊಳಗೆ ಹಾಲಿನ ಡೇರಿಯಲ್ಲಿ ನಿಂತ ಚಿಕ್ಕಪ್ಪನಿಗೂ ಗೊತ್ತು. ಆ ಹುಡುಗ ಮುಂದಿನ ಪರೀಕ್ಷೆಗೆ ಹೆಚ್ಚು ಓದುತ್ತಾನೋ, ಶಾಲೆಯ ದಾರಿಯನ್ನೇ ತಪ್ಪಿಸುತ್ತಾನೋ? ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಗುಂಪಿಗೆ ಸೇರಿದ ಕೂಡಲೇ ಆಕೆಯ ನಂಬರು ಅಲ್ಲಿರುವ ಎಲ್ಲರಿಗೂ ಕಾಣುತ್ತದೆ. ಆ ಎಲ್ಲರೂ ಯಾರು ಎಂಬುದನ್ನು ನಿರ್ವಾಹಕನೂ ನೆನಪಿಟ್ಟಿರುವುದಿಲ್ಲ. ಕಾಲೇಜು ವಾರ್ಷಿಕೋತ್ಸವದ ಫೋಟೊ ಊರಿನ ಗುಂಪಿಗೆ ಹೋದರೆ ಅಲ್ಲಿಂದ ಎಲ್ಲಿಗೆ ಹೋಯಿತೆಂದು ಹುಡುಕುವವರು ಯಾರು?

ಮೋಸಗಾರರಿಗೂ ಊರಿನ ಗುಂಪೆಂದರೆ ಇಷ್ಟ. ಮದುವೆಯ ಕರೆಯೋಲೆ ಎಂದು ಬರುವ 'ಎಪಿಕೆ' ಕಡತ ಪತ್ರಿಕೆಯಲ್ಲ, ಫೋನಿನೊಳಗೆ ಕೂತು ಬ್ಯಾಂಕಿನ ಒಟಿಪಿ ಕದಿಯುವ ತಂತ್ರಾಂಶ. ಪರಿಚಿತರ ಹೆಸರಿನಿಂದಲೇ ಬರುವುದರಿಂದ ಜನ ನಂಬುತ್ತಾರೆ. ಅವರ ಫೋನು ಮೊದಲೇ ಕೆಟ್ಟಿರುತ್ತದೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮಳೆಗಾಲಕ್ಕೆ ಮುಂಚೆ ಅಡಿಕೆಯ ಗುಂಪುಗಳಲ್ಲಿ ಬೋರ್ಡೋ ಮಿಶ್ರಣದ ಚರ್ಚೆ ಜೋರು. ಶೇಕಡ ಒಂದರ ಮಿಶ್ರಣಕ್ಕೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕವನ್ನು ಯಾರೋ ತಪ್ಪಾಗಿ ಹಾಕಿದರೆ ಇನ್ನಾರೋ ತಿದ್ದುತ್ತಾರೆ. ತಿದ್ದದಿದ್ದರೂ ಒಂದು ಉಪಾಯವಿದೆ: ಉಜ್ಜಿದ ಕಬ್ಬಿಣದ ಕತ್ತಿಯನ್ನು ಮಿಶ್ರಣಕ್ಕೆ ಅದ್ದಿ ನೋಡುವುದು. ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದೆಂದು ಅರ್ಥ. ಬೆಳೆಗಾರರ ಗುಂಪು ಊರಿನ ಉಳಿದ ಗುಂಪುಗಳಿಗಿಂತ ಆರೋಗ್ಯವಾಗಿರುವುದಕ್ಕೆ ಕಾರಣ ಇದೇ ಇರಬಹುದು. ಅಲ್ಲಿ ಸುಳ್ಳು ಹೇಳಿದರೆ ತೋಟ ಹೇಳಿಬಿಡುತ್ತದೆ.

ಚರಂಡಿ ಕಟ್ಟಿದ ಫೋಟೊ ಹಾಕಿ, ಪಂಚಾಯಿತಿಗೆ ನಾಲ್ಕು ಮಾತು ಬೈದು, ಕೆಲಸ ಮುಗಿಯಿತೆಂದು ಮಲಗುವವರೂ ಬಹಳ. ಪಂಚಾಯಿತಿಗೆ ಬೇಕಾದದ್ದು ಬರೆದುಕೊಟ್ಟ ಅರ್ಜಿ, ಅದಕ್ಕೊಂದು ಸ್ವೀಕೃತಿ. ಗ್ರಾಮಸಭೆಯ ದಿನ ಎದ್ದು ನಿಂತು ಕೇಳಿದ ಒಂದು ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಗುಂಪಿನ ಇನ್ನೂರು ಮಾತು ಎಲ್ಲಿಗೂ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಅದು ಗುಂಪಿನಲ್ಲಿ ಇಲ್ಲದವರದು. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಮತ್ತೆ ಹಲವರ ಜೀವ ತೆಗೆಯಿತು. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತ ಹರಡಿಕೊಳ್ಳುತ್ತವೆ. ಸತ್ತ ಜಾಗ ಬೇಗ ತಿಳಿದಷ್ಟೂ ಬೇಗ ಅಲ್ಲಿ ಕೀಟನಾಶಕ ಹಾಕಿ, ಜನ ಹೋಗದಂತೆ ನೋಡಿಕೊಳ್ಳಬಹುದು. ಊರಿನ ಗುಂಪಿಗೆ ಇದಕ್ಕಿಂತ ಯೋಗ್ಯ ಕೆಲಸ ಬೇರೆ ಇಲ್ಲ. ಆದರೆ ಸತ್ತ ಮಂಗವನ್ನು ಮೊದಲು ನೋಡುವವರು ಯಾರು? ದರಗು ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಕಾಡಿಗೆ ಹೋಗುವ ಕೂಲಿ ಹೆಣ್ಣುಮಕ್ಕಳು. ಅವರಲ್ಲಿ ಅನೇಕರ ಬಳಿ ಇರುವುದು ಗುಂಡಿ ಒತ್ತುವ ಫೋನು, ಇಲ್ಲವೇ ಅದೂ ಇಲ್ಲ. ಆಕೆ ಸಂಜೆ ಸೌದೆ ಹೊರೆ ಇಳಿಸಿ ಆಶಾ ಕಾರ್ಯಕರ್ತೆಯ ಮನೆಯ ಮುಂದೆ ನಿಂತು 'ಅಕ್ಕಾ, ಹಳ್ಳದ ಆಚೆ ಒಂದು ಮಂಗ ಸತ್ತಿದೆ ಕಣೆ' ಎಂದಾಗಲೇ ಸುದ್ದಿ ಹುಟ್ಟುವುದು. ಆ ಮೇಲೆ ಫೋಟೊ, ಆ ಮೇಲೆ ಗುಂಪು.