ಅಜ್ಜನ ಹೊಲದಲ್ಲಿ ರಾಜಹಂಸ

ಹಕ್ಕಿ ನೋಡಲು ದೂರದ ಕಾಡಿಗೇ ಹೋಗಬೇಕೆಂದಿಲ್ಲ ಮಕ್ಕಳೇ. ಜಮಖಂಡಿಯಿಂದ ಬೀಳಗಿ ದಾಟಿ ಬಾಗಲಕೋಟೆಯತ್ತ ಹೊರಟರೆ ಅನಗವಾಡಿಯ ಬಳಿ ಘಟಪ್ರಭಾ ನದಿಯ ಸೇತುವೆ ಸಿಗುತ್ತದೆ. ಕಣ್ಣು ಹಾಯಿಸಿದಷ್ಟೂ ನೀರು. ಅದು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು. ಸ್ವಲ್ಪ ಮುಂದೆ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ.

ಮಳೆಗಾಲದಲ್ಲಿ ಇಲ್ಲಿ ಬರೀ ನೀರು. ಚಳಿ ಕಳೆದು ಬಿಸಿಲೇರುತ್ತಿದ್ದಂತೆ ನೀರು ಹಿಂದೆ ಸರಿದು ಕೆಸರಿನ ಬಯಲು ಮೇಲೇಳುತ್ತದೆ. ಹಕ್ಕಿಗಳಿಗೆ ಬೇಕಾದದ್ದು ಅದೇ ಮೊಣಕಾಲುದ್ದದ ನೀರು. ನಾನು ಹೋದ ದಿನ ದೂರದಲ್ಲಿ ಬಿಳಿಯ ಗೆರೆಯೊಂದು ಕಂಡಿತು. ದುರ್ಬೀನು ಹಿಡಿದು ನೋಡಿದರೆ, ರಾಜಹಂಸಗಳ ಸಾಲು!

ಇವನ್ನೇ ಫ್ಲೆಮಿಂಗೊ ಎನ್ನುತ್ತಾರೆ. ಇವು ಊಟ ಮಾಡುವ ರೀತಿ ನೋಡಲು ಬಲು ಮೋಜು. ತಲೆಯನ್ನು ಬುಡಮೇಲು ಮಾಡಿ ಕೊಕ್ಕನ್ನು ನೀರಿಗಿಳಿಸಿ, ಅಜ್ಜಿ ಚಹಾ ಸೋಸುವಂತೆ ಕೆಸರುನೀರನ್ನು ಸೋಸಿ ಪಾಚಿ, ಸಣ್ಣ ಹುಳುಗಳನ್ನು ನುಂಗುತ್ತವೆ. ಮರಿಗಳ ಬಣ್ಣ ಬೂದು. ತಿನ್ನುವ ಆಹಾರದಿಂದಲೇ ಮುಂದೆ ರೆಕ್ಕೆಗೆ ಗುಲಾಬಿ ಬಣ್ಣ ಬರುತ್ತದೆ. ನಮ್ಮ ದೇಶದಲ್ಲಿ ಇವು ಮುಖ್ಯವಾಗಿ ಮರಿ ಮಾಡುವುದು ಗುಜರಾತಿನ ಕಛ್‌ನ ಉಪ್ಪು ಮರುಭೂಮಿಯಲ್ಲಿ. ಅಲ್ಲಿ ಕೆಸರನ್ನೇ ಗುಡ್ಡೆ ಮಾಡಿ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತವೆ.

ಚಳಿಗಾಲಕ್ಕೆ ಬರುವ ಇನ್ನೊಬ್ಬ ಅತಿಥಿ ಪಟ್ಟೆತಲೆ ಹೆಬ್ಬಾತು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಗಟ್ಟಿಗ ಇದು. ರಾತ್ರಿ ಹೊಲಕ್ಕಿಳಿದು ಎಳೆಯ ಪೈರು ಮೇಯುವುದರಿಂದ ರೈತರಿಗೆ ಇದರ ಮೇಲೆ ಸ್ವಲ್ಪ ಸಿಟ್ಟೂ ಉಂಟು.

ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರಿಗೆ ದುರ್ಬೀನು ಕೊಟ್ಟೆ. ಬಹಳ ಹೊತ್ತು ನೋಡಿ, "ಆ ಹಕ್ಕಿ ನಿಂತಾವಲ್ರೀ, ಅಲ್ಲೇ ಇತ್ತು ನಮ್ಮ ಹೊಲ. ಕರೀ ಮಣ್ಣು, ಬಂಗಾರದಂಥ ಜ್ವಾಳಾ ಬೆಳೀತಿತ್ತು" ಎಂದರು. "ಬ್ಯಾಸರ ಆಗ್ತೈತೇನ್ರೀ?" ಎಂದೆ. "ಆಗ್ದೇ ಏನ್ರೀ? ಆದ್ರ ಹೊಲ ಖಾಲಿ ಬಿದ್ದಿಲ್ಲ ನೋಡ್ರಿ, ಯಾರೋ ಉಣ್ಣಾಕತ್ತಾರ" ಎಂದು ನಕ್ಕರು.

ಆಲಮಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನೀರು ನಿಂತಾಗ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಬೀಳಗಿ ಸೀಮೆಯ ಅನೇಕ ಹಳ್ಳಿಗಳೂ ಮುಳುಗಿದವು. ಜನ ಗುಡಿ, ಮನೆ, ಬೇವಿನ ಕಟ್ಟೆ ಬಿಟ್ಟು ಹೊಸ ಊರುಗಳಿಗೆ ಹೋದರು. ಹಕ್ಕಿಗಳು ಇಳಿಯುವುದು ಆ ಬಿಟ್ಟ ನೆಲದ ಮೇಲೆಯೇ.

ನೋಡಲು ಹೋಗುವವರು ಬೆಳಗಿನ ಹೊತ್ತೇ ಹೋಗಿ. ಸೇತುವೆಯ ಮೇಲೆ ಲಾರಿಗಳ ಓಡಾಟವಿರುವುದರಿಂದ ಗಾಡಿಯನ್ನು ಸೇತುವೆ ದಾಟಿ, ರಸ್ತೆ ಬಿಟ್ಟು ನಿಲ್ಲಿಸಿ. ಕೆಸರಿಗೆ ಇಳಿಯಬೇಡಿ, ಕಾಲು ಹೂತುಹೋಗುತ್ತದೆ. ಹಕ್ಕಿ ಹಾರುವುದನ್ನು ನೋಡಲು ಕಲ್ಲೆಸೆಯುವುದಂತೂ ಬೇಡವೇ ಬೇಡ. ದೂರದ ಪ್ರಯಾಣಕ್ಕೆಂದು ಕೂಡಿಟ್ಟ ಶಕ್ತಿ ಸುಮ್ಮನೆ ಪೋಲಾಗುತ್ತದೆ. ತಿಂಡಿಯ ಪ್ಲಾಸ್ಟಿಕ್ ಚೀಲ ಮನೆಗೆ ವಾಪಸು ಬರಲಿ.

ಸಾಧ್ಯವಾದರೆ ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ನೀರಿನ ಮೇಲಿರುವ ಹಕ್ಕಿಯ ಹೆಸರನ್ನು ನೀವು ಅವರಿಗೆ ಹೇಳಿ, ನೀರಿನಡಿ ಇರುವ ಊರಿನ ಹೆಸರನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳಿ.