ಶಿರಸ್ತ್ರಾಣದೊಳಗೆ ವಾಯುದೇವರು

ಹೆಲ್ಮೆಟ್ಟಿನೊಳಗೆ ಗಾಳಿ ಎಬ್ಬಿಸುವ ಗದ್ದಲದ ಬಗ್ಗೆ ಕಾಲು ಚಾಚಿ ಕೂತು ಚಿಂತಿಸುವ ಮನುಷ್ಯನಿಗೆ ಪೆನ್ಶನ್ ತಿಂಗಳು ತಿಂಗಳೂ ತಪ್ಪದೆ ಬರುತ್ತಿದೆ ಎಂದು ನೀವು ಊಹಿಸಿದರೆ, ಊಹೆ ಸರಿಯಾಗಿಯೇ ಇದೆ. ಬ್ಯಾಂಕಿನಿಂದ ನಿವೃತ್ತರಾದವರು ಭಗವದ್ಗೀತೆಯನ್ನೋ ಷೇರು ಪೇಟೆಯನ್ನೋ ಹಿಡಿಯುವುದು ಮೈಸೂರಿನ ಸಂಪ್ರದಾಯ. ನಾನು ಬೈಕ್ ಹಿಡಿದೆ. "ರೀ, ಈ ವಯಸ್ಸಿನಲ್ಲಿ ನಿಮಗೆ ಬೇಕಾ?" ಎಂದು ಮನೆಯವರು ಕೇಳಿದ್ದಕ್ಕೆ ನನ್ನ ಬಳಿ ಇದ್ದ ಸಮರ್ಥನೆ ಒಂದೇ: ಮುಳ್ಳನ್‌ಕೊಲ್ಲಿಯ ಅಚ್ಚಾಯ.

ಈ ಅಚ್ಚಾಯ ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ. ವಯನಾಡಿನವರು ಗಡಿ ದಾಟಿ ಬಂದು ನಮ್ಮ ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವುದು ನಿಮಗೆ ಗೊತ್ತಿರುವ ವಿಷಯವೇ. ನಾನು ಆ ಸೀಮೆಯ ಶಾಖೆಯಲ್ಲಿದ್ದಾಗ ಅರವತ್ತು ಕಿಲೋ ಚೀಲದ ಶುಂಠಿಯ ಧಾರಣೆಯನ್ನು ಜಾತಕ ಓದುವ ಗಾಂಭೀರ್ಯದಲ್ಲಿ ಹೇಳುತ್ತ ನನ್ನ ಮೇಜಿನ ಮುಂದೆ ಕೂರುತ್ತಿದ್ದವರು ಅವರು. ಅವರದು ಹೊಲದಲ್ಲಿ ಕಲಿತ ಕನ್ನಡ, ನನ್ನದು ಸಿನಿಮಾದಲ್ಲಿ ಕಲಿತ ಮಲಯಾಳ. ಎರಡೂ ಸೇರಿ ಸ್ನೇಹವಾಯಿತು. ಮುಳ್ಳನ್‌ಕೊಲ್ಲಿ, ಪುಲ್ಪಳ್ಳಿ ಒಂದು ಕಾಲಕ್ಕೆ ಕರಿಮೆಣಸಿನಿಂದ ಮನೆ ಕಟ್ಟಿದ ಊರುಗಳು. ಆಮೇಲೆ ಸೊರಗು ರೋಗ ಬಂದು ಬಳ್ಳಿಗಳು ನಿಂತಲ್ಲೇ ಒಣಗಿದವು. ಕೇರಳವೆಂದರೆ ಬರೀ ಮಳೆ ಎಂದುಕೊಂಡವರನ್ನು ಅಚ್ಚಾಯ ತಮ್ಮ ಬಾವಿಯ ಬಳಿ ಕರೆದೊಯ್ದು ತಳ ತೋರಿಸುತ್ತಾರೆ. ಮಳೆ ಪಶ್ಚಿಮದಲ್ಲೇ ಖರ್ಚಾಗಿ ಇತ್ತ ಬರುವ ಹೊತ್ತಿಗೆ ಚಿಲ್ಲರೆಯಷ್ಟೇ ಉಳಿದಿರುತ್ತದೆ. ಎಷ್ಟೇ ಬರವಿದ್ದರೂ ಬೇಯಿಸಿದ ಮರಗೆಣಸು, ಕಾಂತಾರಿ ಮೆಣಸಿನ ಚಟ್ನಿ, ಕಟ್ಟಂಚಾಯ್ ಅಲ್ಲಿ ತಪ್ಪುವುದಿಲ್ಲ, ನಾನೂ ತಪ್ಪುವುದಿಲ್ಲ.

ಮೈಸೂರು ಬಿಟ್ಟು ಕೋಟೆ ರಸ್ತೆ ಬಯಲಾದ ಮೇಲೆ, ಮುಳ್ಳು ಎಂಬತ್ತರ ಹತ್ತಿರ ಬರುತ್ತಿದ್ದ ಹಾಗೆ, ವಾಯುದೇವರು ಶಿರಸ್ತ್ರಾಣದೊಳಗೆ ಆವಾಹನೆಗೊಳ್ಳುತ್ತಾರೆ. ಮೊದಲು ಬುರ್ರ್, ಆಮೇಲೆ ಗೋಂಯ್, ಕೊನೆಗೆ ಇಂಥದೆಂದು ಹೇಳಲಾಗದ ಪ್ರಳಯಘೋಷ. ಇದು ಎಂಜಿನ್ನಿನ ಸದ್ದೆಂದೇ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಎದುರು ಬರುವ ಗಾಳಿ ನಮ್ಮ ಬುರುಡೆಯನ್ನು ಸುತ್ತಿ ಹೋಗಬೇಕು. ಹೋಗುವಾಗ ಅದು ಹರಿದು, ಸುಳಿಯಾಗಿ, ಚಿಪ್ಪಿನ ಮೈಗೆ ಬಡಿದು ತಾನೇ ಸದ್ದನ್ನು ಉತ್ಪಾದಿಸುತ್ತದೆ. ಎಂದರೆ ಗಲಾಟೆ ಎಲ್ಲಿಂದಲೋ ಬಂದದ್ದಲ್ಲ, ನನ್ನ ತಲೆ ಅಲ್ಲಿ ಇರುವುದೇ ಗಲಾಟೆಗೆ ಕಾರಣ. ನಮ್ಮ ಮನೆಯವರ ಸಿದ್ಧಾಂತವೂ ಮೊದಲಿನಿಂದ ಇದೇ.

ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಸುಮಾರು 100 ಡೆಸಿಬೆಲ್ ಸದ್ದಿರುತ್ತದೆಂದು ಅಳೆದವರು ಹೇಳುತ್ತಾರೆ. ಕಾರ್ಖಾನೆ ಕೆಲಸಗಾರರ ಕಿವಿಯ ಬಗ್ಗೆ ತಲೆ ಕೆಡಿಸಿಕೊಂಡ ಅಮೆರಿಕದವರ ಲೆಕ್ಕದಲ್ಲಿ 85 ಡೆಸಿಬೆಲ್ಲನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು; ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧರ್ಧ ಇಳಿಯುತ್ತದೆ. ಹಾಗೆ ಇಳಿಯುತ್ತ ನೂರಕ್ಕೆ ಬಂದಾಗ ಉಳಿಯುವುದು ಹದಿನೈದು ನಿಮಿಷ. ಚಕ್ರಬಡ್ಡಿಯನ್ನೇ ಉಂಡು ಬೆಳೆದ ನನಗೆ ಈ ಲೆಕ್ಕ ತಟ್ಟನೆ ಅರ್ಥವಾಯಿತು, ಅರ್ಥವಾದ್ದರಿಂದ ಹೆದರಿಕೆಯೂ ಆಯಿತು. ಕಿವಿಯೊಳಗಿನ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೆತ್ತಿಯ ಕೂದಲಿನ ವಿಚಾರದಲ್ಲಿ ಈ ಅನುಭವ ನನಗೆ ಆಗಲೇ ಆಗಿದೆ. ಮಾನಸಗಂಗೋತ್ರಿಯ ಪಕ್ಕದಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರಿನವನು ಕಿವುಡಾದರೆ ಹತ್ತಿರವಾಯಿತಲ್ಲ ಎಂದು ಸಮಾಧಾನ ಪಡಬಹುದು, ಅಷ್ಟೇ.

ವಿಚಿತ್ರವೆಂದರೆ ಅಂತರಸಂತೆ ದಾಟಿ ನಾಗರಹೊಳೆ ಕಾಡು ಹೊಕ್ಕೊಡನೆ ವಾಯುದೇವರು ಮಾಯ. ಅಲ್ಲಿ ರಸ್ತೆಯ ಉಬ್ಬುಗಳು ಮೂವತ್ತರ ಮೇಲೆ ಹೋಗಗೊಡುವುದಿಲ್ಲ. ಹೋದರೂ ಸಲಗವೊಂದು ಅಡ್ಡ ನಿಂತು ಸಂಚಾರ ನಿಯಮ ಬೋಧಿಸುತ್ತದೆ. ವೇಗ ಅರ್ಧಕ್ಕಿಳಿದರೆ ಸದ್ದೂ ಅರ್ಧಕ್ಕಿಳಿಯಬೇಕೆಂಬುದು ನನ್ನಂಥವನ ತ್ರೈರಾಶಿ. ಆದರೆ ಗಾಳಿಗೆ ಎದುರಾದ ಗಟ್ಟಿ ವಸ್ತುವಿನಿಂದ ಏಳುವ ಸದ್ದಿನ ತೀವ್ರತೆ ವೇಗದ ಆರನೇ ಘಾತಕ್ಕೆ ತಕ್ಕಂತೆ ಬೆಳೆಯುತ್ತದೆಂದು ಕರ್ಲ್ ಎಂಬ ಗಣಿತಜ್ಞ 1955ರಲ್ಲೇ ತೋರಿಸಿಟ್ಟಿದ್ದಾನೆ. ವೇಗ ಅರ್ಧವಾದರೆ ಸದ್ದು ಅರವತ್ತನಾಲ್ಕರಲ್ಲೊಂದು ಪಾಲು! ಇಷ್ಟು ಉದಾರವಾದ ರಿಯಾಯಿತಿಯನ್ನು ನಮ್ಮ ಬ್ಯಾಂಕು ಯಾವ ಸಾಲಮೇಳದಲ್ಲೂ ಕೊಟ್ಟಿರಲಿಲ್ಲ. ಹಾಗಾಗಿ ಬಳ್ಳೆ ಆನೆಶಿಬಿರದ ಹತ್ತಿರ ಜೀರುಂಡೆ, ಕಾಡುಕೋಳಿ, ನನ್ನದೇ ಉಸಿರು ಎಲ್ಲವೂ ಕೇಳತೊಡಗುತ್ತವೆ. ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ ಅರ್ಜುನ ಇದ್ದದ್ದು ಇದೇ ಬಳ್ಳೆಯಲ್ಲಿ. ಏಳುನೂರೈವತ್ತು ಕಿಲೋ ಹೊತ್ತು ಒಂದು ಮಾತೂ ಆಡದೆ ನಡೆದ ಆ ಮಹಾನುಭಾವನ ಬೀದಿಯಲ್ಲಿ, ಒಂದೂವರೆ ಕಿಲೋ ಹೆಲ್ಮೆಟ್ ಹೊತ್ತವನು ಗೊಣಗುವುದು ಶೋಭಿಸುವುದಿಲ್ಲವೆಂದು ಅಲ್ಲಿ ಕೊಂಚ ಸುಮ್ಮನಿರುತ್ತೇನೆ.

ಹೆಲ್ಮೆಟ್ ಮಾಡಿದವರ ತಪ್ಪೂ ಅಲ್ಲವೆನ್ನಿ. ಟಿ.ಇ. ಲಾರೆನ್ಸ್, ಅದೇ ಅರೇಬಿಯಾದ ಲಾರೆನ್ಸ್, 1935ರಲ್ಲಿ ಬೈಕಿನಿಂದ ಬಿದ್ದು ಸತ್ತಾಗ ಚಿಕಿತ್ಸೆಗೆ ಹೋಗಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕನೂ ಒಬ್ಬ. ಆತ ಮುಂದೆ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಪ್ರಕಟಿಸಿದ್ದರಿಂದಲೇ ಹೆಲ್ಮೆಟ್ಟಿಗೆ ಶಾಸ್ತ್ರದ ಬೆಂಬಲ ಬಂತು. ಅವನಿಗಿದ್ದ ಚಿಂತೆ ಮಿದುಳಿನದು. ಮಿದುಳು ಉಳಿದರೆ ಕಿವಿಯ ಮಾತು ಆಮೇಲೆ ನೋಡೋಣ ಎಂಬ ಧೋರಣೆ ನ್ಯಾಯವಾದದ್ದೇ. ನಮ್ಮ ಐಎಸ್‌ಐ ಗುರುತು ಕೂಡ ಬುರುಡೆಗೆ ಕೊಡುವ ಭರವಸೆ, ಕರ್ಣಕುಹರಕ್ಕಲ್ಲ.

ಸದ್ದು ಒಳಗೆ ಬರುವ ದಾರಿಯನ್ನು ಹುಡುಕುತ್ತ ನಾನು ಮುಖದ ಗಾಜಿನ ರಬ್ಬರು, ನೆತ್ತಿಯ ಕಿಂಡಿ, ಪಟಪಟ ಹೊಡೆದುಕೊಳ್ಳುವ ಗಲ್ಲಪಟ್ಟಿಯ ತುದಿ ಎಲ್ಲವನ್ನೂ ಅನುಮಾನಿಸಿದ್ದುಂಟು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರೂ ಅವರ ಜತೆಗಾರರೂ ಗೊಂಬೆತಲೆಗೆ ಹೆಲ್ಮೆಟ್ ತೊಡಿಸಿ, ಗಾಳಿಸುರಂಗದಲ್ಲಿಟ್ಟು ಅಳೆದು ನೋಡಿದರು. ಕಿವಿ ಮುಟ್ಟುವ ಸದ್ದಿನ ದೊಡ್ಡ ಮೂಲ ಗಲ್ಲದ ಕೆಳಗಿನ ತೆರವು ಎಂದು ಕಂಡಿತು. ಇದನ್ನು ಓದಿ ನನಗೆ ಅಪ್ಪನ ಮಫ್ಲರ್ ನೆನಪಾಯಿತು.

ನಮ್ಮಪ್ಪನದು ಜಾವಾ. ಮೈಸೂರಿನಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆಯದೇ ಗಾಡಿ, ಊರಿನ ಮಗು ಎಂಬ ಅಭಿಮಾನ ಬೇರೆ. ಹೆಲ್ಮೆಟ್ ಯಾರಿಗೆ ಗೊತ್ತಿತ್ತು? ಆದರೆ ಧನುರ್ಮಾಸ ಬಂತೆಂದರೆ ಅಪ್ಪ ಕಿವಿಗೆ ಹತ್ತಿ ತುರುಕಿ, ಕಂದು ಉಣ್ಣೆಯ ಮಫ್ಲರನ್ನು ಗಲ್ಲದಡಿಯಿಂದ ಕತ್ತಿನ ಸುತ್ತ ಬಿಗಿದು ಹೊರಡುತ್ತಿದ್ದರು. "ಕಿವೀಗೆ ಗಾಳಿ ಹೊಕ್ಕರೆ ಕೆಟ್ಟಿತು ಕಣೋ" ಎಂಬುದು ಅಜ್ಜಿಯಿಂದ ಬಂದ ಶ್ರುತಿವಾಕ್ಯ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತ ನನಗೆ ಮಂಕಿ ಟೋಪಿ. ಆ ಟೋಪಿಯೊಳಗಿಂದ ಜಾವಾದ ಜೋಡಿ ಸೈಲೆನ್ಸರಿನ ಸದ್ದು ಎಷ್ಟು ದೂರದಿಂದ, ಎಷ್ಟು ಇಂಪಾಗಿ ಕೇಳುತ್ತಿತ್ತೆಂದರೆ, ಇವತ್ತಿಗೂ ಯಾವುದಾದರೂ ಹಳೇ ಯೆಜ್ದಿ ಬೀದಿಯಲ್ಲಿ ಹಾದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಗೇಟಿನ ತನಕ ಹೋಗುತ್ತೇನೆ. ಇರಲಿ. ಗಾಳಿಸುರಂಗದ ಖರ್ಚಿಲ್ಲದೆ ಅಪ್ಪ ಗಲ್ಲದ ಕೆಳಗಿನ ಬಾಗಿಲು ಮುಚ್ಚಿದ್ದರು. ನಾನೂ ಬೀರುವಿನಿಂದ ಅದೇ ಮಫ್ಲರ್ ತೆಗೆದು ಹೆಲ್ಮೆಟ್ಟಿನ ಅಂಚಿಗೆ ಸೇರಿಸಿ ಸುತ್ತಿಕೊಂಡೆ. ಪ್ರಳಯ ಹೋಗಿ ಬಿರುಗಾಳಿಯಷ್ಟೇ ಉಳಿಯಿತು. ಮೇ ತಿಂಗಳಲ್ಲಿ ಬೆವರೂ ಉಳಿಯಿತು.

ಹತ್ತಿ ಮಾತ್ರ ಗಾಳಿಯನ್ನು ತಡೆಯುತ್ತದೆ, ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆಂದೇ ಸ್ಪಂಜಿನ ಸಣ್ಣ ಬೆಣೆಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಪೊಟ್ಟಣದ ಮೇಲೆ ಮೂವತ್ತು ಡೆಸಿಬೆಲ್ ಇಳಿಸುತ್ತದೆಂದು ಬರೆದಿದ್ದರೂ, ಸರಿಯಾಗಿ ಇಡದಿದ್ದರೆ ಅರ್ಧವೂ ಇಳಿಯದು. ಇಡುವ ವಿಧಾನವೇ ಒಂದು ಯೋಗಾಸನ: ಬೆಣೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಉಬ್ಬುವ ತನಕ ಒತ್ತಿ ಹಿಡಿದಿರಬೇಕು. ಮೊದಲ ಸಲ ಕನ್ನಡಿಯ ಮುಂದೆ ಹಾಗೆ ನಿಂತಾಗ ಈ ಭಂಗಿಯನ್ನು ಎಲ್ಲೋ ಮಾಡಿದ್ದೇನಲ್ಲ ಅನ್ನಿಸಿತು. ಒಂದನೇ ಕ್ಲಾಸಿನ ಸೇರ್ಪಡೆ! ಜನನ ಪತ್ರವಿಲ್ಲದ ಕಾಲದಲ್ಲಿ ಹೆಡ್‌ಮಾಸ್ತರರು, "ಎಲ್ಲಿ, ಬಲಗೈಯಿಂದ ತಲೆ ಮೇಲೆ ಹಾಸಿ ಎಡಗಿವಿ ಮುಟ್ಟು" ಎನ್ನುತ್ತಿದ್ದರು. ಮುಟ್ಟಿದವನಿಗೆ ವಿದ್ಯಾಭ್ಯಾಸ, ಮುಟ್ಟದವನಿಗೆ ಇನ್ನೊಂದು ವರ್ಷ ಗೋಲಿ. ನನ್ನ ಕೈ ಗಿಡ್ಡ. ಕತ್ತನ್ನು ಆದಷ್ಟು ವಾಲಿಸಿ ಹೇಗೋ ಮುಟ್ಟಿದೆ, ಮಾಸ್ತರರು ಕಂಡೂ ಕಾಣದ ಹಾಗೆ ಹೆಸರು ಬರೆದುಕೊಂಡರು. ಆವತ್ತಿನ ಆ ಕಸರತ್ತಿಗೆ ಇಷ್ಟು ತಡವಾಗಿ ಪ್ರಯೋಜನ ಸಿಕ್ಕಿದೆ.

ಬೆಣೆ, ಮಫ್ಲರ್, ಹೆಲ್ಮೆಟ್ ಎಂಬ ತ್ರಿವಿಧ ಕವಚದೊಡನೆ ಡಿ.ಬಿ. ಕುಪ್ಪೆ ಕಡೆಗೆ ತಿರುಗಿ ಹೊಳೆದಂಡೆಯಲ್ಲಿ ಬೈಕ್ ನಿಲ್ಲಿಸಿದರೆ ಮುಂದೆ ಕಬಿನಿ. ಕೇರಳದ ನಲವತ್ತನಾಲ್ಕು ನದಿಗಳಲ್ಲಿ ಪೂರ್ವಕ್ಕೆ ಹರಿಯುವ ಮೂರರಲ್ಲಿ ಇದೊಂದು. ಆಚೆ ದಡ ಪೆರಿಕ್ಕಲ್ಲೂರು. ಸೇತುವೆಯ ಮಾತು ದಶಕಗಳಿಂದ ಇದೆ, ದೋಣಿ ಅದಕ್ಕೂ ಹಿಂದಿನಿಂದ ಇದೆ. ಹೆಲ್ಮೆಟ್ ತೊಡೆಯ ಮೇಲಿಟ್ಟು ಕೂತವನನ್ನು ಕಂಡು ದೋಣಿಯವನು ಏನೋ ಅಂದ, ಉಳಿದವರೆಲ್ಲ ನಕ್ಕರು. ಬೆಣೆ ಇನ್ನೂ ಕಿವಿಯಲ್ಲೇ ಇದ್ದುದರಿಂದ ಅವಮಾನ ಆಗಲಿಲ್ಲ.

ಅಚ್ಚಾಯ ನನ್ನ ಸಂಶೋಧನೆಯನ್ನೆಲ್ಲ ಮರಗೆಣಸು ಮುಗಿಯುವ ತನಕ ಕೇಳಿ, ಬೆಣೆಯೊಂದನ್ನು ಬೆರಳಲ್ಲಿ ಹಿಸುಕಿ ನೋಡಿ, "ಬೈಕಿಗೆ ಬೇಡ ಸಾರ್, ನಮ್ಮ ಹುಲ್ಲು ಹೊಡೆಯೋ ಮಿಷನ್‌ಗೆ ಬೇಕು. ಅರ್ಧ ದಿನ ಹೊಡೆದರೆ ರಾತ್ರಿಯೆಲ್ಲ ಕಿವಿಯಲ್ಲಿ ಜೀಂಯ್ ಅನ್ನುತ್ತೆ" ಎಂದು ಪೊಟ್ಟಣವನ್ನೇ ಅಂಗಿ ಜೇಬಿಗೆ ಇಳಿಸಿದರು. ತಲೆಯ ಮೇಲಿಂದ ಕೈ ತರುವ ವಿಧಿಯನ್ನು ಹೇಳಿಕೊಟ್ಟೆ. ಅವರ ಕೈ ಉದ್ದ, ಒಂದೇ ಪಟ್ಟಿಗೆ ಪಾಸಾದರು.

ಹೊರಡುವಾಗ ನಾಲ್ಕೂವರೆ. ಕಾಡಿನ ರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚುತ್ತಾರೆ, ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಆ ಆರಕ್ಕೆ ಮುಂಚೆ ಆಚೆ ಬೀಳಬೇಕೆಂದು ಬೈಕಿನ ಕಿವಿ ಹಿಂಡಿದರೆ ಕರ್ಲ್ ಸಾಹೇಬನ ಆರು ಬೆನ್ನು ಹತ್ತುತ್ತದೆ, ಬೆಣೆಗಳೋ ಮುಳ್ಳನ್‌ಕೊಲ್ಲಿಯ ಜೇಬಿನಲ್ಲಿ. ಅಚ್ಚಾಯನ ಹೆಂಡತಿಯನ್ನು ಕೇಳಿ ಎರಡು ಉಂಡೆ ಹತ್ತಿ ಇಸಕೊಂಡೆ.